ಅಕ್ಕನ ಕೆನ್ನೆ ಮತ್ತು ಚನ್ನಪಟ್ಟಣದ ಮಿಷನ್ನು

ನಮ್ಮಕ್ಕನಿಗೆ ತನ್ನ ಮುಖದ ಮೇಲೆ ಇದ್ದಷ್ಟು ಜಂಬ ನಮ್ಮ ಮನೆಯಲ್ಲಿ ಬೇರೆ ಯಾರಿಗೂ ಯಾವುದರ ಮೇಲೂ ಇರಲಿಲ್ಲ. ಜಂಬಪಡುವಂಥ ಮುಖವೇ ಅದು, ಇಲ್ಲ ಎನ್ನಲಾರೆ. ನಾನು ಹುಟ್ಟಿದಾಗ ನಮ್ಮವ್ವ ನನ್ನನ್ನು ನೋಡಿ, "ಇರೋ ಚೆಂದಾನೆಲ್ಲ ದೊಡ್ಡೋಳಿಗೇ ಖರ್ಚು ಮಾಡ್ಬುಟ್ಟೆ, ಇದಕ್ಕೆ ಒಸಿ ಬುದ್ಧಿನಾದ್ರೂ ಕೊಡಪ್ಪ ದೇವ್ರೇ" ಎಂದಳಂತೆ. ಈ ಮಾತನ್ನು ಅಕ್ಕ ನೆಂಟರ ಎದುರಿಗೆ ಹೇಳಿ ನಗುತ್ತಿದ್ದಳು. ಬುದ್ಧಿ ಬಂತೋ ಇಲ್ಲವೋ ಗೊತ್ತಿಲ್ಲ, ನನಗೆ ಸಿಟ್ಟಂತೂ ಬಂತು. ಕಾರ್ಖಾನೆಯಲ್ಲಿ ನನ್ನನ್ನು ಮೆಣಸಿನಕಾಯಿ ಎಂದೇ ಕರೆಯುತ್ತಾರೆ.

ನಾನಿರುವುದು ಕನಕಪುರದಲ್ಲಿ, ಕೆಲಸ ಹಾರೋಹಳ್ಳಿಯಲ್ಲಿ. ಅಕ್ಕನನ್ನು ಕೊಟ್ಟಿರುವುದು ದೊಡ್ಡಆಲಹಳ್ಳಿಯ ಹತ್ತಿರದ ಒಂದು ಹಳ್ಳಿಗೆ. ರೇಷ್ಮೆ ಹುಳು ಸಾಕುವ ಮನೆ. ಹಿಪ್ಪುನೇರಳೆ ತೋಟ ಭಾವನದು, ಹುಳುವಿನ ಮನೆ ಅಕ್ಕನದು. ಆ ಮನೆಯೊಳಕ್ಕೆ ಅವಳ ಅಪ್ಪಣೆ ಇಲ್ಲದೆ ಭಾವನೂ ಕಾಲಿಡುವಂತಿಲ್ಲ. ಬೀಡಿ ಸೇದಿ ಬಂದವರು, ಹೂವು ಮುಡಿದು ಬಂದವರು, ಎಣ್ಣೆ ತಿಂಡಿ ಕೈಯಲ್ಲಿ ಹಿಡಿದವರು ಯಾರೇ ಆಗಲಿ, ಹೊಸಿಲಾಚೆಯಿಂದಲೇ ಮಾತಾಡಿಸಿ ಹೋಗಬೇಕು.

ಆ ಊರಲ್ಲಿ ಒಂದು ಪದ್ಧತಿ ಇದೆ. ಮೊಟ್ಟೆಯೊಡೆಸಿ ಮರಿ ಸಾಕಿ ಕೊಡುವ ಚಾಕಿ ಕೇಂದ್ರದಿಂದ ಎಳೆ ಹುಳು ತಂದ ದಿನ ಮೊದಲ ಸೊಪ್ಪನ್ನು ಮನೆಯವರು ತಾವೇ ಹಾಕುವುದಿಲ್ಲ. ಕೈಗುಣ ಇರುವ, ಮುಖದಲ್ಲಿ ಕಳೆ ಇರುವ ಮುತ್ತೈದೆಯೊಬ್ಬಳನ್ನು ಕರೆದು ಹಾಕಿಸುತ್ತಾರೆ. ಸುತ್ತಮುತ್ತ ಎಲ್ಲರೂ ಕರೆಯುತ್ತಿದ್ದುದು ನಮ್ಮಕ್ಕನನ್ನು. ಮಡಿಕೆ ಮುರಿಯದ ಸೀರೆ ಉಟ್ಟು, ದೊಡ್ಡ ಕುಂಕುಮ ಇಟ್ಟು, ಯಾವ ಮನೆಗೆ ಹೋದರೂ ಮದುವೆ ಹೆಣ್ಣಿನ ತಾಯಿಯಂತೆ ಒಳಗೆ ನುಗ್ಗುವಳು. "ನಿನ್ನ ಕೈಗುಣವೋ, ಸೊಪ್ಪಿನ ಗುಣವೋ?" ಎಂದು ನಾನು ಕಾಡಿದರೆ, "ಎರಡೂ ಅಲ್ಲ, ನನ್ ಮೊಕದ ಗುಣ ಕಣಮ್ಮಿ. ನಿಂದು ನೋಡಿದ್ರೆ ಹುಳ ಸೊಪ್ಪು ಬುಟ್ಟು ಓಡೋಯ್ತವೆ" ಎನ್ನುವಳು.

ಅಂಥ ಮುಖದಲ್ಲಿ, ಎಡಗಿವಿಯ ಕೆಳಗೆ, ಗಂಟು ಕಾಣಿಸಿಕೊಂಡಿತು.

ಮೊದಮೊದಲು ಬಟಾಣಿಯಷ್ಟಿತ್ತು. ಹಲ್ಲು ನೋವಿನದು ಎಂದುಕೊಂಡು ಲವಂಗ ಇಟ್ಟಳು. ಮಂಗನಬಾವು ಎಂದು ಯಾರೋ ಹೇಳಿದರು, ಮಣ್ಣು ಅರೆದು ಹಚ್ಚಿದಳು. ನೋವಿರಲಿಲ್ಲವಾದ್ದರಿಂದ ಬೆಳೆಯ ಮೇಲೆ ಬೆಳೆ ತೆಗೆಯುತ್ತ ಮರೆತಳು. ನೆಲ್ಲಿಕಾಯಿಯಷ್ಟು ಆದಾಗ ನಾನು ನೋಡಿದೆ, ರೇಗಿದೆ, ಎಳೆದುಕೊಂಡು ಹೋದೆ. ಕನಕಪುರದ ಡಾಕ್ಟರು ಬೆಂಗಳೂರಿಗೆ ಬರೆದುಕೊಟ್ಟರು. ಅಲ್ಲಿ ಗಂಟಿಗೆ ಸೂಜಿ ಹಾಕಿ ಪರೀಕ್ಷೆಗೆ ಒಂದಿಷ್ಟು ತೆಗೆದರು, ಸ್ಕ್ಯಾನ್ ಮಾಡಿದರು, ಮತ್ತೊಂದು ದಿನ ಬರಹೇಳಿದರು.

ಆ ದಿನ ನಮ್ಮ ಎದುರಿಗೆ ಕುಳಿತ ಡಾಕ್ಟರಮ್ಮ ಒಳ್ಳೆಯವರು. ಎಂಜಲು ಉತ್ಪತ್ತಿ ಮಾಡುವ ಗ್ರಂಥಿ ಕೆನ್ನೆಯಲ್ಲಿರುತ್ತದೆ, ಅದರಲ್ಲಿ ಕ್ಯಾನ್ಸರ್ ಬಂದಿದೆ ಎಂದು ಮೆಲ್ಲಗೆ ಹೇಳಿದರು. "ಇದು ಬಹಳ ಅಪರೂಪ. ನಿಧಾನವಾಗಿ ಬೆಳೆಯುತ್ತೆ, ಆದರೆ ನರ ಹಿಡಿದುಕೊಂಡು ಹರಿಯುತ್ತೆ. ಮುಖ ಆಡಿಸುವ ನರ ಆ ಗ್ರಂಥಿಯ ನಡುವೆಯೇ ಹಾದು ಹೋಗುತ್ತೆ. ಈಗ ಆಪರೇಷನ್ ಮಾಡಿದರೆ ನರ ಉಳಿಸೋಕೆ ಅವಕಾಶ ಇದೆ. ಖಂಡಿತ ಉಳಿಯುತ್ತೆ ಅಂತ ಮಾತು ಕೊಡೋಕೆ ಆಗಲ್ಲ. ಆಮೇಲೆ ಕರೆಂಟ್ ಕೊಡಬೇಕು." ಕರೆಂಟ್ ಎಂದರೆ ನಮ್ಮ ಕಡೆ ಎಲ್ಲರೂ ವಿಕಿರಣ ಚಿಕಿತ್ಸೆಗೆ ಹೇಳುವ ಮಾತು. ನಮಗೆ ತಿಳಿಯಲಿ ಎಂದು ಅವರೂ ಹಾಗೇ ಅಂದರು.

ಅಕ್ಕನಿಗೆ ಕೇಳಿಸಿದ್ದು ಎರಡೇ ಮಾತು. ಒಂದು, ಅಪರೂಪ. ಇನ್ನೊಂದು, ಮುಖ ಸೊಟ್ಟಗಾಗಬಹುದು. ಹಾರೋಹಳ್ಳಿ ದಾಟುವವರೆಗೂ ಬಸ್ಸಿನ ಕಿಟಕಿಗೆ ತಲೆ ಒರಗಿಸಿ ಕೂತಿದ್ದಳು. ಆಮೇಲೆ ಕೇಳಿದಳು:

"ಅಪರೂಪದ್ದು ಅಂದ್ರೆ ಏನಮ್ಮಿ? ಅವ್ರೂ ಜಾಸ್ತಿ ನೋಡಿಲ್ಲ ಅಂತ ತಾನೆ? ನೋಡ್ದೆ ಇರೋದನ್ನ ನನ್ ಮೊಕದ್ ಮ್ಯಾಲೆ ಕಲಿಯಾಕೆ ಹೊಂಟವ್ರಾ?"

"ಸುಮ್ನಿರಕ್ಕ, ಜೀವ ಉಳ್ಕೊಂಡ್ರೆ ಸಾಲ್ದಾ?"

"ಜೀವ ಉಳಿಸ್ಕೊಂಡು ಬಾಯಿ ಸೊಟ್ಟ ಮಾಡ್ಕೊಂಡು ಯಾರ ಮನೆ ಮುಂದೆ ನಿಂತ್ಕೊಳ್ಳಲಿ ಹೇಳು."

ನಾನು ಅಲ್ಲೇ ಜಗಳಕ್ಕೆ ನಿಂತೆ. ಕಂಡಕ್ಟರು ತಿರುಗಿ ನೋಡಿದ. ಅವಳು ಸೆರಗು ಎಳೆದುಕೊಂಡು ಮುಖ ಆ ಕಡೆ ಮಾಡಿದಳು. ಆಗ ಅವಳ ಮುಖದಲ್ಲಿ ಇನ್ನೂ ಏನೂ ಕೆಟ್ಟಿರಲಿಲ್ಲ.

ಚನ್ನಪಟ್ಟಣದ ಮಿಷನ್ನಿನ ಸುದ್ದಿ ತಂದವರು ಭಾವ. ರಾಮನಗರದ ಮಾರುಕಟ್ಟೆಗೆ ಗೂಡು ಹಾಕಿಕೊಂಡು ಹೋಗಿದ್ದರು. ಹರಾಜಿಗೆ ಕಾಯುತ್ತ ಕುಳಿತಾಗ ಪಕ್ಕದಲ್ಲೇ ಗೂಡು ಸುರಿದಿದ್ದ ರೈತನೊಬ್ಬ ಮಾತಿಗೆ ಸಿಕ್ಕಿದ. ಅವನ ಷಡ್ಡಕನಿಗೆ ಕತ್ತಿನಲ್ಲಿ ಗಂಟು ಇತ್ತಂತೆ, ಕುಯ್ಯದೆಯೇ ಕರಗಿತಂತೆ. ಎಂಥ ಗಂಟು, ಯಾರು ಪರೀಕ್ಷೆ ಮಾಡಿದ್ದರು ಎಂದು ಭಾವ ಕೇಳಲಿಲ್ಲ. ಹೆಂಡತಿ ರಾತ್ರಿಯೆಲ್ಲ ಗೋಡೆ ನೋಡಿಕೊಂಡು ಮಲಗುವುದನ್ನು ಕಂಡವರು, ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ಆ ದಿನವೇ ಚನ್ನಪಟ್ಟಣದ ಬಸ್ಸು ಹತ್ತಿ ನೋಡಿಕೊಂಡು ಬಂದರು.

ಆಮೇಲೆ ಅಕ್ಕನನ್ನು ಕರೆದುಕೊಂಡು ಹೋದಾಗ ನಾನೂ ಜೊತೆಗೆ ಹೋದೆ. ಅರಗು ಬಣ್ಣದ ವಾಸನೆ ಹೊಡೆಯುವ ಬೀದಿ, ಗೊಂಬೆ ಮಾಡುವವರ ಅಂಗಡಿಯ ಮೇಲೊಂದು ಕೋಣೆ. ಬಾಗಿಲಿಗೆ "ತರಂಗ ಚಿಕಿತ್ಸೆ" ಎಂಬ ಬೋರ್ಡು. ಆತ ಮೊದಲು ಟಿವಿ ರಿಪೇರಿ ಮಾಡುತ್ತಿದ್ದವನು. ನಡುವಯಸ್ಸು, ತಗ್ಗಿದ ದನಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಮೇಜಿನ ಮೇಲೆ ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ, ಅದರಿಂದ ಹೊರಟ ಎರಡು ವೈರು, ವೈರಿನ ತುದಿಗೆ ಲಟ್ಟಣಿಗೆಯಂಥ ಎರಡು ಸ್ಟೀಲು ಕೊಳವೆ. ಅವನ್ನು ಎರಡು ಕೈಯಲ್ಲೂ ಹಿಡಿದು ಕೂರಬೇಕು. ಪೆಟ್ಟಿಗೆ ಸಣ್ಣಗೆ ಗುಂಯ್ ಎನ್ನುತ್ತದೆ, ಕೆಂಪು ಅಂಕಿಗಳು ಓಡುತ್ತವೆ.

"ಪ್ರತಿ ಕಾಯಿಲೆಗೂ ಒಂದು ಫ್ರೀಕ್ವೆನ್ಸಿ ಇರ್ತದೆ ತಾಯಿ. ರೇಡಿಯೋ ಸ್ಟೇಷನ್ನಿಗೆ ನಂಬರ್ ಇದ್ದಂಗೆ. ಆ ನಂಬರಿಗೆ ಸರಿಯಾಗಿ ತಿರುಗಿಸಿದ್ರೆ ಕೆಟ್ಟ ಕಣ ಒಡೆದು ಹೋಗ್ತದೆ, ಒಳ್ಳೇದಕ್ಕೆ ಏನೂ ಆಗಲ್ಲ. ಸಾಮಾನ್ಯ ಕಾಯಿಲೆಗೆ ಆಸ್ಪತ್ರೆಗೆ ಹೋಗಿ, ನಾನು ಬ್ಯಾಡ ಅನ್ನಲ್ಲ. ಇಂಥ ಅಪರೂಪದ ಗ್ರಂಥಿ ಕಾಯಿಲೆಗೆ ಅವರ ಹತ್ರ ಕತ್ತಿ ಒಂದೇ ಇರೋದು. ಅವರೂ ಆಮೇಲೆ ಕರೆಂಟೇ ತಾನೆ ಕೊಡೋದು? ಅದು ಸುಡ್ತದೆ. ಇದು ಸುಡಲ್ಲ."

ಅಕ್ಕನ ಮುಖ ಅರಳಿತು. ತಾನು ಬಸ್ಸಿನಲ್ಲಿ ಆಡಿದ್ದ ಮಾತನ್ನೇ ಬಿಳಿ ಅಂಗಿಯವನೊಬ್ಬ ತಿರುಗಿ ಹೇಳುತ್ತಿದ್ದ. ಆ ಪೆಟ್ಟಿಗೆಯನ್ನು ಬಿಚ್ಚಿ ತೋರಿಸು ಎಂದು ನಾನು ಕೇಳಿದೆ. ಭಾವ ನನ್ನ ಕಾಲು ತುಳಿದರು. ಮನೆಯಲ್ಲೇ ಹಿಡಿದು ಕೂರಿ ಎಂದು ಆತ ಕೊಟ್ಟ ಪೆಟ್ಟಿಗೆ ನಮ್ಮ ಜೊತೆ ಹಳ್ಳಿಗೆ ಬಂತು.

ಅಂದಿನಿಂದ ಅಕ್ಕ ಬೆಳಗ್ಗೆ ಸಂಜೆ ಸೊಪ್ಪು ಹಾಕಿದ ಮೇಲೆ ಜಗಲಿಯಲ್ಲಿ ಆ ಲಟ್ಟಣಿಗೆ ಹಿಡಿದು ಕಣ್ಣುಮುಚ್ಚಿ ಕೂರುತ್ತಿದ್ದಳು. ಅವಳ ನಂಬಿಕೆಯನ್ನು ನಾನು ಹಂಗಿಸಿದ್ದು ಉಂಟು, ಆದರೆ ಅವಳಿಗೆ ಅವಳದೇ ಲೆಕ್ಕಾಚಾರ ಇತ್ತು. ಹುಳು ಹಣ್ಣಾಗಿ ಗೂಡು ಕಟ್ಟುವ ದಿನಗಳಲ್ಲಿ ಊರಲ್ಲಿ ತಮಟೆ ಬಡಿಯಲು ಬಿಡುವುದಿಲ್ಲ, ಪಟಾಕಿ ಹಚ್ಚಲು ಬಿಡುವುದಿಲ್ಲ. ಸದ್ದಿಗೆ ಹುಳು ಬೆದರಿ ಗೂಡು ಕಟ್ಟದೆ ಸಾಯುತ್ತವೆ ಎಂದು ಚಿಕ್ಕಂದಿನಿಂದ ಕೇಳಿದ್ದೇವೆ. "ಸದ್ದಿಗೆ ಹುಳ ಸಾಯ್ತದೆ ಅಂದ್ಮ್ಯಾಲೆ ಗಂಟು ಯಾಕೆ ಸಾಯಬಾರ್ದು? ನೀನೂ ಹುಳದ ಮನೇಲೇ ಬೆಳೆದೋಳಲ್ವೇನೇ?" ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಎದ್ದು ಹುಳುವಿನ ಮನೆಗೆ ಹೋಗಿದ್ದಳು.

ಎರಡನೆಯ ತಿಂಗಳಲ್ಲಿ ಅವಳಿಗೆ ಗಂಟು ಮೆತ್ತಗಾದಂತೆ ಅನಿಸಿತು. ನಿಜವಾಗಿ ಆಗಿತ್ತೋ ಇಲ್ಲವೋ ಯಾರೂ ಅಳೆದು ನೋಡಲಿಲ್ಲ. ಪೆಟ್ಟಿಗೆಯ ನಂಬರು ಬದಲಾಯಿಸಿಕೊಳ್ಳಲು ಚನ್ನಪಟ್ಟಣಕ್ಕೆ ಹೋದಾಗ ಆತನ ಮುಂದೆ ಹಾಗೇ ಹೇಳಿದ್ದಾಳೆ. ಆತ ಫೋನು ಹಿಡಿದು, "ಇದನ್ನೇ ಒಂದು ಮಾತು ಹೇಳ್ಬುಡಿ ತಾಯಿ, ನಿಮ್ಮಂಗೆ ಹೆದರ್ಕೊಂಡಿರೋರಿಗೆ ಧೈರ್ಯ ಬರ್ತದೆ" ಎಂದಿದ್ದಾನೆ. ಅಕ್ಕನಿಗೆ ಅಷ್ಟು ಸಾಕು. ನವಿಲು ಬಣ್ಣದ ಸೀರೆಯ ಸೆರಗು ಸರಿಮಾಡಿಕೊಂಡು, ಫೋನಿನ ಕಡೆ ನೋಡಿ ನಕ್ಕು, "ನಂಗೆ ಕೆನ್ನೇಲಿ ಗಂಟು ಇತ್ತು. ಕುಯ್ಯಬೇಕು ಅಂದಿದ್ರು. ಈಗ ಕಡಮೆ ಆಗ್ತಾ ಐತೆ. ಯಾರೂ ಹೆದರಬ್ಯಾಡಿ" ಎಂದು ಹೇಳಿ ಬಂದಳು. ಮನೆಗೆ ಬಂದು ನನಗೂ ಆ ವಿಡಿಯೋ ಕಳಿಸಿದಳು. ಚೆನ್ನಾಗಿ ಕಾಣ್ತೀನಾ ಎಂದು ಕೇಳಿದಳು.

ಆಮೇಲೆ ಗಂಟು ಬೆಳೆಯತೊಡಗಿತು. ಕೆನ್ನೆ ಬಿಗಿಯಿತು, ಚರ್ಮ ಹೊಳೆಯಿತು, ಕಿವಿಯ ಸುತ್ತ ಜೋಮು ಹಿಡಿಯಿತು. ಕರಗುವ ಮುಂಚೆ ಒಮ್ಮೆ ದಪ್ಪವಾಗುತ್ತದೆ, ಒಳಗಿನ ವಿಷ ಮೇಲೆ ಬರುತ್ತದೆ, ಆಗ ಹೆದರಬಾರದು, ಯಾರೂ ಮುಟ್ಟಬಾರದು ಎಂದು ಆತ ಹೇಳಿ ಕಳಿಸಿದ್ದ. ಬೇರೆ ಯಾರಾದರೂ ಆಗಿದ್ದರೆ ಇಷ್ಟಕ್ಕೆ ಅನುಮಾನಪಡುತ್ತಿದ್ದರು. ನಮ್ಮಕ್ಕ ಪಡಲಿಲ್ಲ. ಏಕೆಂದರೆ ಅವಳು ಹುಳು ಸಾಕಿದವಳು.

ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದು ನಿಲ್ಲಿಸುತ್ತದೆ. ತಲೆ ಎತ್ತಿ, ಅಲ್ಲಾಡದೆ, ಸತ್ತಂತೆ ಕೂತುಬಿಡುತ್ತದೆ. ಮೈ ಬಿಗಿದು ಹೊಳೆಯುತ್ತದೆ. ಹೊಸಬರು ರೋಗ ಬಂತೆಂದು ಗಾಬರಿಯಾಗಿ ಔಷಧಿ ಹುಡುಕುತ್ತಾರೆ, ಸೊಪ್ಪು ತುರುಕುತ್ತಾರೆ, ತಟ್ಟೆ ಅಲ್ಲಾಡಿಸುತ್ತಾರೆ. ಬೆಳೆ ಹಾಳಾಗುವುದು ಆಗಲೇ. ತಿಳಿದವರು ಕೈ ಕಟ್ಟಿ ಕಾಯುತ್ತಾರೆ. ಒಂದು ಹಗಲು ರಾತ್ರಿ ಕಳೆದರೆ ಹುಳು ಹಳೆ ಚರ್ಮ ಬಿಟ್ಟು ಎದ್ದು ಮೊದಲಿಗಿಂತ ಜೋರಾಗಿ ಮೇಯುತ್ತದೆ. ಅಕ್ಕನ ಜೀವನದ ಅರ್ಧ ಪಾಠ ಇದೇ ಆಗಿತ್ತು. ಊರಿನ ಹೊಸ ಸೊಸೆಯರಿಗೆ ಅವಳು ಕಲಿಸುತ್ತಿದ್ದುದೂ ಇದನ್ನೇ.

"ಈಗ ಮುಟ್ಟಬಾರ್ದು ಕಣಮ್ಮಿ," ಎಂದಳು ನನಗೆ, ಕನ್ನಡಿಯಲ್ಲಿ ಕೆನ್ನೆ ನೋಡಿಕೊಳ್ಳುತ್ತ. "ಇದು ಪೊರೆ ಬುಡೋ ಹೊತ್ತು. ನೋಡು, ಹೆಂಗೆ ಬಿಗಿದು ಹೊಳೀತೈತೆ. ಗೊತ್ತಿಲ್ದೋರು ಗಾಬರಿ ಬೀಳ್ತಾರೆ."

"ಅದು ಹುಳ ಅಲ್ಲಕ್ಕ, ಕ್ಯಾನ್ಸರ್ರು!"

"ಕಿರುಚಬ್ಯಾಡ, ಒಳಗೆ ಹುಳ ಐತೆ."

ಕಿರುಚಬೇಡ ಎಂದದ್ದಕ್ಕೆ ಇನ್ನಷ್ಟು ಕಿರುಚಿದೆ. ಭಾವ ಎದ್ದು ತೋಟಕ್ಕೆ ಹೋದರು. ಅವರೂ ಅವಳ ಮಾತೇ ಸರಿಯೆಂದು ತಿಳಿದಿದ್ದರು. ಹುಳುವಿನ ವಿಷಯದಲ್ಲಿ ಅವಳು ತಪ್ಪಿದ್ದನ್ನು ಅವರು ಯಾವತ್ತೂ ಕಂಡಿರಲಿಲ್ಲ. ಅವಳು ದಡ್ಡಿಯಾಗಿದ್ದರೆ ಇಷ್ಟು ಹೊತ್ತಿಗೆ ಯಾರಾದರೂ ಎಳೆದುಕೊಂಡು ಹೋಗುತ್ತಿದ್ದರು. ಜಾಣೆಯಾದ್ದರಿಂದ ಎಲ್ಲರೂ ಅವಳ ಜೊತೆ ಕಾದರು. ನನಗೆ ಈಗಲೂ ಹೊಟ್ಟೆ ಉರಿಯುವುದು ಇದಕ್ಕೇ.

ಕಾಯುವುದು ಮುಗಿದದ್ದು ಒಂದು ಬೆಳಗ್ಗೆ. ಹುಳುಗಳ ಮೇಲೆ ಸುಣ್ಣದ ಪುಡಿ ಉದುರಿಸುವುದಿತ್ತು. ಬಟ್ಟೆಯ ಗಂಟಿನಲ್ಲಿ ಪುಡಿ ಕಟ್ಟಿ ತಟ್ಟೆಯ ಮೇಲೆ ಮೆಲ್ಲಗೆ ತಟ್ಟುತ್ತಿದ್ದಾಗ ಗಾಳಿಗೆ ಒಂದಿಷ್ಟು ಹಾರಿ ಅವಳ ಎಡಗಣ್ಣಿಗೆ ಬಿತ್ತು. ಕಣ್ಣು ಮುಚ್ಚಿಕೊಳ್ಳಲು ಹೋದಳು. ಮುಚ್ಚಲಿಲ್ಲ. ರೆಪ್ಪೆ ಅರ್ಧಕ್ಕೆ ನಿಂತಿತು. ನೀರು ಎರಚಿಕೊಂಡಳು, ಬಾಯಿಗೂ ನೀರು ಹಾಕಿ ಮುಕ್ಕಳಿಸಿ ಉಗಿಯಲು ಹೋದರೆ ತುಟಿಯ ಮೂಲೆಯಿಂದ ತಾನೇ ಸುರಿದುಹೋಯಿತು. ಕನ್ನಡಿ ನೋಡಿದಳು. ಯಾರಿಗೂ ಹೇಳದೆ ಸೆರಗು ಮುಚ್ಚಿಕೊಂಡು ಬಸ್ಸು ಹತ್ತಿದಳು.

ಅಂದು ನನಗೆ ಎರಡನೇ ಪಾಳಿ. ಬಾಗಿಲು ಬಡಿದಾಗ ಅಡುಗೆಮನೆಯಲ್ಲಿದ್ದೆ. ಅಕ್ಕ ಹೊಸಿಲಲ್ಲಿ ನಿಂತು ಸೆರಗು ತೆಗೆದಳು. ಮುಖದ ಎಡ ಅರ್ಧ ಜಾರಿಹೋಗಿತ್ತು. ಬಲ ಅರ್ಧ ಅಳುತ್ತಿತ್ತು.

"ಪೊರೆ ಬುಡ್ಲಿಲ್ಲ ಕಣಮ್ಮಿ. ನಡಿ ಆಸ್ಪತ್ರೆಗೆ," ಎಂದಳು.

ಎಷ್ಟು ದಿನದಿಂದ ಬೈಯಲು ಕೂಡಿಟ್ಟುಕೊಂಡಿದ್ದೆ! ಅವಳನ್ನು ಒಳಗೆ ಕರೆದು ಕೂರಿಸಿ, ಕಣ್ಣಿಗೆ ಒದ್ದೆ ಬಟ್ಟೆ ಇಟ್ಟು, ನಾನೂ ಅತ್ತೆ.

ಬೆಂಗಳೂರಿನಲ್ಲಿ ಅದೇ ಡಾಕ್ಟರಮ್ಮ. ಮೊದಲೇ ಯಾಕೆ ಬರಲಿಲ್ಲ ಎಂದು ಕೇಳುತ್ತಾರೆ, ಪೆಟ್ಟಿಗೆಯ ವಿಷಯ ಹೇಳಿದರೆ ಉಗಿಯುತ್ತಾರೆ ಎಂದು ನಾನು ಬೆವರುತ್ತಿದ್ದೆ. ಅವರು ಕೇಳಲಿಲ್ಲ. ಅಕ್ಕನೇ ಎಲ್ಲ ಹೇಳಿದಳು, ಹುಳುವಿನ ಲೆಕ್ಕವನ್ನೂ ಸೇರಿಸಿ. ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಂಡರು. "ನಿಮಗೆ ಗೊತ್ತಿದ್ದ ರೀತಿಯಲ್ಲಿ ಯೋಚಿಸಿದ್ದೀರಿ. ಈಗ ಆ ನರ ತೆಗೆಯಲೇಬೇಕು. ಮುಖ ಮೊದಲಿನ ಹಾಗೆ ಆಗಲ್ಲ. ಆದರೆ ಕಾಯಿಲೆ ಇನ್ನೂ ಬೇರೆ ಕಡೆಗೆ ಹೋಗಿಲ್ಲ," ಎಂದರು. ಅಕ್ಕ ತಲೆಯಾಡಿಸಿದಳು.

ಆಪರೇಷನ್ ಆಯಿತು, ಕರೆಂಟೂ ಆಯಿತು. ಬಾಯಿ ಹುಣ್ಣಾಗಿ ರಾಗಿ ಅಂಬಲಿ ಬಿಟ್ಟು ಬೇರೇನೂ ಇಳಿಯದ ದಿನಗಳು ಬಂದು ಹೋದವು. ಎಡಗಣ್ಣಿನ ಮೂಲೆಗೆ ಹೊಲಿಗೆ ಹಾಕಿದ್ದಾರೆ, ಮಲಗುವಾಗ ರೆಪ್ಪೆಯ ಮೇಲೆ ಅಂಟುಪಟ್ಟಿ ಹಚ್ಚಬೇಕು. ತುಟಿ ಕೂಡುವುದಿಲ್ಲವಾದ್ದರಿಂದ ಅಪ್ಪ, ಅಮ್ಮ ಎನ್ನುವಂಥ ಮಾತುಗಳು ಅರ್ಧ ಗಾಳಿಯಾಗಿ ಹೋಗುತ್ತವೆ. ಈ ಕಾಯಿಲೆ ವರ್ಷಗಟ್ಟಲೆ ಸುಮ್ಮನಿದ್ದು ತಿರುಗಿ ಬರುವ ಜಾತಿಯದು, ತಪ್ಪದೆ ತೋರಿಸಿಕೊಳ್ಳುತ್ತಿರಬೇಕು ಎಂದು ಡಾಕ್ಟರಮ್ಮ ಮುಚ್ಚುಮರೆ ಇಲ್ಲದೆ ಹೇಳಿದ್ದಾರೆ. ಅಕ್ಕ ಬದುಕಿದ್ದಾಳೆ. ಹುಳುವಿನ ಮನೆಗೆ ಮತ್ತೆ ಕಾಲಿಟ್ಟಿದ್ದಾಳೆ. ಆದರೆ ಮನೆಯ ಮೆಟ್ಟಿಲು ಇಳಿಯುವುದನ್ನು ಬಿಟ್ಟಳು. ಮೊದಲ ಸೊಪ್ಪು ಹಾಕಲು ಯಾರೂ ಕರೆಯಲಿಲ್ಲ, ಕರೆದರೂ ಹೋಗುತ್ತಿರಲಿಲ್ಲ. ಮೈದುನಂದಿರು ಬಂದರೂ ಸೆರಗಿನೊಳಗಿಂದಲೇ ಮಾತು. ನೀರು ಕುಡಿಯುವಾಗ ಭಾವನಿಗೂ ಬೆನ್ನು ತಿರುಗಿಸುತ್ತಿದ್ದಳು.

ವಾರದ ರಜೆಯ ಒಂದು ದಿನ ನಾನು ಚನ್ನಪಟ್ಟಣಕ್ಕೆ ಹೋದೆ. ಪೆಟ್ಟಿಗೆಯನ್ನು ಚೀಲದಲ್ಲಿ ಹಾಕಿಕೊಂಡು, ಆತನ ಮೇಜಿನ ಮೇಲೆ ಅದನ್ನು ಕುಕ್ಕಿ, ಇಡೀ ಬೀದಿ ಕೇಳುವ ಹಾಗೆ ಬೈದು ಬರಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ. ಮೆಟ್ಟಿಲು ಹತ್ತಿದಾಗ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಪೆಟ್ಟಿಗೆ ಕುಕ್ಕಿದೆ. ಬೈದೆ. ಅಕ್ಕನ ಮುಖ ಹೇಗಾಗಿದೆ ಎಂದು ನನ್ನ ಕೆನ್ನೆಯನ್ನೇ ಕೈಯಲ್ಲಿ ಜಗ್ಗಿ ತೋರಿಸಿದೆ.

ಆತ ಕುಳಿತುಕೊಳ್ಳಿ ಎಂದ. ನಾನು ಕುಳಿತುಕೊಳ್ಳಲಿಲ್ಲ. ತಾನೇ ಕುಳಿತು, ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡ. ಆಮೇಲೆ ಗೋಡೆಯ ಮೇಲಿದ್ದ ಹೆಂಗಸಿನ ಫೋಟೋ ತೋರಿಸಿದ. ಹಾರ ಹಾಕಿತ್ತು.

"ನನ್ನ ಮನೆಯವಳು. ಮೂತ್ರಪಿಂಡದ ಮ್ಯಾಲೆ ಒಂದು ಸಣ್ಣ ಗ್ರಂಥಿ ಐತಂತೆ, ಅದರಲ್ಲಿ ಬಂದಿತ್ತು. ಇದೂ ಅಪರೂಪದ್ದೇ. ಗೊತ್ತಾದಾಗಲೇ ಎಲ್ಲಾ ಕಡೆ ಹೋಗಿತ್ತು. ಇನ್ನು ಮಾಡೋದು ಏನಿಲ್ಲ, ಮನೆಗೆ ಕರ್ಕೊಂಡು ಹೋಗಿ ಅಂದ್ರು. ಮಾಡೋದು ಏನಿಲ್ಲ ಅಂದ್ರೆ ಹೆಂಗಮ್ಮ ಸುಮ್ನೆ ಕೂರೋದು? ಯಾರೋ ಈ ಮಿಷನ್ ಕೊಟ್ರು. ಇದನ್ನ ಹಿಡ್ಕೊಂಡಾಗ ಅವಳಿಗೆ ನಿದ್ದೆ ಬರೋದು. ನೋವು ಕಡಮೆ ಅನ್ನೋಳು. ಒಸಿ ಮುಂಚೆ ಸಿಕ್ಕಿದ್ರೆ ಉಳೀತಿದ್ಲು ಅನ್ಕೊಂಡೆ."

"ಅದು ನಿಮ್ ಅನಿಸಿಕೆ. ನಮ್ಮಕ್ಕ ಉಳೀತಿದ್ಲು, ಮೊಕಾನೂ ಉಳೀತಿತ್ತು. ನೀವು ಕಾಯಿ ಅಂದ್ರಿ, ಕಾದ್ಲು."

"ನಾನು ಸುಳ್ಳು ಹೇಳ್ಲಿಲ್ಲಮ್ಮ."

"ಹಂಗಾದ್ರೆ ಇವತ್ತೇ ಈ ಬೋರ್ಡ್ ಇಳಿಸಿ."

ಆತ ಫೋಟೋವನ್ನು ನೋಡಿದ, ನನ್ನನ್ನು ನೋಡಲಿಲ್ಲ. "ಇದು ಸುಳ್ಳು ಅಂತ ಒಪ್ಕೊಂಡ್ರೆ, ಅವಳಿಗೆ ನಾನು ಮಾಡಿದ್ದೇನು ಹಂಗಾರೆ?" ಎಂದ.

ಮೋಸಗಾರನೊಬ್ಬನನ್ನು ಬೈಯಲು ಹೋಗಿದ್ದೆ, ಹೆಂಡತಿ ಸತ್ತ ಗಂಡಸೊಬ್ಬ ಸಿಕ್ಕಿದ. ಪಾಪ ಅನಿಸಿತು. ಪಾಪ ಅನಿಸಿದ್ದಕ್ಕೆ ನನ್ನ ಮೇಲೇ ರೇಗಿತು. ಆ ವಿಡಿಯೋನಾದರೂ ಅಳಿಸಿ ಎಂದು ಕೇಳಿದೆ. ನನ್ನ ಕಣ್ಣೆದುರಿಗೇ ಫೋನು ತೆಗೆದು ಅಳಿಸಿದ. ಆದರೆ ಅದು ಆಗಲೇ ಗುಂಪಿನಿಂದ ಗುಂಪಿಗೆ ಹೋಗಿಬಿಟ್ಟಿತ್ತು, ಅದನ್ನು ಹಿಂದಕ್ಕೆ ಕರೆಯುವುದು ಅವನ ಕೈಯಲ್ಲೂ ಇರಲಿಲ್ಲ. ಕೆಳಗಿಳಿದು ಬರುವಾಗ ಮೆಟ್ಟಿಲ ಮೇಲೆ ಒಬ್ಬ ಮುದುಕನನ್ನು ಮಗಳು ಕೈಹಿಡಿದು ಹತ್ತಿಸುತ್ತಿದ್ದಳು. "ಹೋಗಬ್ಯಾಡಿ" ಎಂದೆ. ಅವಳು ನನ್ನನ್ನು ಸರಿಸಿಕೊಂಡು ಮೇಲೆ ಹೋದಳು.

ನನ್ನ ಫೋನಿನಲ್ಲೂ ಆ ವಿಡಿಯೋ ಇದೆ. ನಾನು ಅಳಿಸಿಲ್ಲ. ಅಕ್ಕ ಎರಡೂ ಕೆನ್ನೆಯಿಂದ ನಕ್ಕದ್ದು ಯಾವುದಾದರೂ ಯಂತ್ರದಲ್ಲಿ ಉಳಿದಿದ್ದರೆ ಅದು ಅದರಲ್ಲಿ ಮಾತ್ರ. ಹೇಳುತ್ತಿರುವುದು ಸುಳ್ಳು, ನಗು ಮಾತ್ರ ನಿಜ. ಸದ್ದು ತೆಗೆದು ನೋಡುತ್ತೇನೆ.

ಆ ವಿಡಿಯೋ ನೋಡಿದವರ ಫೋನುಗಳು ಅಕ್ಕನ ಮನೆಗೆ ಬರತೊಡಗಿದವು. ನಂಬರು ಹೇಗೆ ಸಿಗುತ್ತಿತ್ತೋ ತಿಳಿಯದು, ಹಳ್ಳಿ ಹಳ್ಳಿಯಿಂದ ಬರುತ್ತಿತ್ತು. ಭಾವ "ರಾಂಗ್ ನಂಬರ್" ಎಂದು ಇಟ್ಟುಬಿಡುತ್ತಿದ್ದರು. ನಾನಿದ್ದಾಗ ಎತ್ತಿದರೆ ಎಲ್ಲ ಸುಳ್ಳು, ಮೊದಲು ಆಸ್ಪತ್ರೆಗೆ ಹೋಗಿ ಎಂದು ಅರಚುತ್ತಿದ್ದೆ. ನನ್ನನ್ನು ಯಾರು ನಂಬುತ್ತಾರೆ? "ಅವ್ರೇ ಬಾಯಿಬುಟ್ಟು ಹೇಳವ್ರಲ್ಲ, ನೀವ್ಯಾರಮ್ಮ ಮಧ್ಯೆ?" ಎಂದು ಒಬ್ಬ ಕೇಳಿದ. ಆಸ್ಪತ್ರೆಯವರೇ ದುಡ್ಡು ಕೊಟ್ಟು ನನ್ನನ್ನು ಇಟ್ಟಿದ್ದಾರೆ ಎಂದೂ ಒಬ್ಬಳು ಅಂದಳು. ಈ ಫೋನುಗಳು ಬಂದಾಗ ಅಕ್ಕ ಎದ್ದು ಒಳಗೆ ಹೋಗುತ್ತಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕುಳಿತಿದ್ದೆವು. ಫೋನು ಬಂತು. ಭಾವ ತೋಟದಲ್ಲಿದ್ದರು, ನಾನೇ ಎತ್ತಿದೆ. ಮಾಗಡಿ ಕಡೆಯ ಹೆಂಗಸು, ತಿಪ್ಪಸಂದ್ರದವಳು. ಎಳೆಯ ದನಿ.

"ಕೆನ್ನೇಲಿ ಗಂಟಿದ್ದ ಅಕ್ಕೋರಾ? ನಂಗೂ ಅದೇ ಜಾಗದಲ್ಲಿ ಐತೆ ಅಕ್ಕ. ಅದೇ ಕಾಯಿಲೆ ಅಂತ ಹೇಳವ್ರೆ. ಆಪರೇಷನ್‌ಗೆ ದಿನ ಕೊಟ್ಟವ್ರೆ, ನಮ್ಮೋರು ಬ್ಯಾಡ ಅಂತಾವ್ರೆ. ನಾಳೀಕೆ ಚನ್ನಪಟ್ಟಣಕ್ಕೆ ಕರ್ಕೊಂಡು ಹೋಯ್ತೀವಿ ಅಂತಾವ್ರೆ. ನಿಮ್ ಮೊಕ ನೋಡಿದ್ಮ್ಯಾಲೆ ನಂಗೂ ಧೈರ್ಯ ಬಂತು. ಒಂದ್ಸಲ ನಿಮ್ ಬಾಯಲ್ಲೇ ಕೇಳಾನ ಅಂತ ಮಾಡ್ದೆ."

ಸ್ಪೀಕರ್ ಹಾಕಿತ್ತು. ಅಕ್ಕ ಕೇಳಿಸಿಕೊಂಡಳು. ನಾನು ಎಂದಿನಂತೆ ಅರಚಲು ಬಾಯಿ ತೆರೆದೆ. ಅಕ್ಕ ನನ್ನ ಮೊಣಕೈ ಹಿಡಿದು ತಡೆದಳು. ಎದ್ದು ಒಳಗೆ ಹೋಗಲಿಲ್ಲ.

"ಮೊಕ ಕಾಣಂಗೆ ಮಾಡಮ್ಮಿ," ಎಂದಳು.

ವಿಡಿಯೋ ಕರೆ ಮಾಡಿದೆ. ಆ ಕಡೆ ಒಬ್ಬ ಸಣ್ಣ ಪ್ರಾಯದ ಹೆಂಗಸು ಕಾಣಿಸಿದಳು. ಮೂಗುತಿ, ದುಂಡು ಮುಖ, ಕಿವಿಯ ಕೆಳಗೆ ಮಾತ್ರ ಒಂದು ಉಬ್ಬು. ಅವಳ ಹಿಂದೆ ಒಬ್ಬ ಗಂಡಸು, ಒಬ್ಬಳು ಮುದುಕಿ ಬಗ್ಗಿ ನೋಡುತ್ತಿದ್ದರು.

ಅಕ್ಕ ಸೆರಗು ತೆಗೆದಳು. ಕೊರಳಿನವರೆಗೂ ತೆಗೆದು, ಹೆಗಲ ಮೇಲೆ ಹಾಕಿ, ಎಡಕೆನ್ನೆಯನ್ನೇ ಫೋನಿನ ಕಡೆ ತಿರುಗಿಸಿದಳು. ಕಿವಿಯಿಂದ ಕತ್ತಿಗೆ ಇಳಿದ ಕಲೆ, ಅರ್ಧ ಹೊಲಿದ ಕಣ್ಣು, ಜಾರಿದ ತುಟಿ, ಎಲ್ಲ ಆ ಮಧ್ಯಾಹ್ನದ ಬೆಳಕಿನಲ್ಲಿ ಇದ್ದಂತೆಯೇ ಕಂಡವು. ಆ ಕಡೆ ಮುದುಕಿ "ಅಯ್ಯೋ ನಮ್ಮಪ್ಪ" ಎಂದದ್ದು ಕೇಳಿಸಿತು. ಅಕ್ಕ ಕದಲಲಿಲ್ಲ. ಅವರೆಲ್ಲ ಸಾಕಷ್ಟು ನೋಡಲಿ ಎಂದು ಹಾಗೇ ಕುಳಿತಳು.

"ನೀನು ನೋಡಿದ್ದು ಮಿಷನ್ ಹಿಡ್ಕೊಂಡಾಗಿನ ಮೊಕ ಕಣವ್ವ. ಇದು ಕಾದಮೇಲಿನ ಮೊಕ," ಎಂದಳು. ತುಟಿ ಕೂಡದೆ ಮಾತು ಒಡೆಯುತ್ತಿತ್ತು, ಒಡೆದದ್ದನ್ನು ತಿರುಗಿ ಹೇಳುತ್ತಿದ್ದಳು. "ಗಂಟು ಕಡಮೆ ಆಗ್ಲಿಲ್ಲ. ನಂಗೆ ಹಂಗೆ ಕಂಡಿತ್ತು ಅಷ್ಟೆ. ನಿನ್ ಕಣ್ಣು ಮುಚ್ಚು ನೋಡನ."

ಆ ಹೆಂಗಸು ಕಣ್ಣು ಮುಚ್ಚಿದಳು. ಎರಡೂ ಮುಚ್ಚಿದವು.

"ಹಲ್ಲು ಕಿರಿ."

ಕಿರಿದಳು. ನೆಟ್ಟಗಿತ್ತು.

"ನಿಂದು ಇನ್ನೂ ಉಳ್ಕೊಂಡೈತೆ," ಎಂದು ಅಕ್ಕ ಫೋನಿನ ಹತ್ತಿರಕ್ಕೆ ಬಾಗಿದಳು. "ಅವ್ರು ಕೊಟ್ಟಿರೋ ದಿನಕ್ಕೇ ಹೋಗು. ನಾಳೀಕೆ ಚನ್ನಪಟ್ಟಣಕ್ಕೆ ಹೋಗಬ್ಯಾಡ."

ಅವಳು ಅಳುತ್ತಿದ್ದಳು. ಹಿಂದಿದ್ದ ಗಂಡಸು ಅವಳ ಭುಜದ ಮೇಲೆ ಕೈಯಿಟ್ಟಿದ್ದ. ಕಣ್ಣೊರೆಸಿಕೊಂಡು ಅವಳು ಕೇಳಿದಳು:

"ನೋವಾಯ್ತದಾ ಅಕ್ಕ?"

ಇಲ್ಲ ಎನ್ನು, ಹೆದರಿಸಬೇಡ ಎಂದು ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ಅಕ್ಕ ನನ್ನ ಕಡೆ ನೋಡಲಿಲ್ಲ.

"ಆಯ್ತದೆ ಕಣವ್ವ. ತುಂಬಾ ಆಯ್ತದೆ. ಯಾವತ್ತು ಅಂತ ಹೇಳು, ನಾನೂ ಬಸ್ಸು ಹತ್ತಿ ಬತ್ತೀನಿ ನಿನ್ ಜೊತೇಲಿ."